ಮೂರು ಗ್ರಾಂ ಭಾರದ ಮುಳ್ಳು

ಸಿಂಧನೂರಿನಿಂದ ಸಿರುಗುಪ್ಪದ ಕಡೆ ಹೊರಟರೆ ತುಂಗಭದ್ರೆ ಎದುರಾಗುವ ಊರು ದಢೇಸುಗೂರು. ಹೊಳೆಯ ಈ ದಂಡೆ ರಾಯಚೂರು ಜಿಲ್ಲೆ, ಆ ದಂಡೆ ಬಳ್ಳಾರಿ ಜಿಲ್ಲೆ. ಸುಗ್ಗಿ ಮುಗಿದು ಲಗ್ನದ ದಿನಗಳು ಬಂದವೆಂದರೆ ಇಲ್ಲಿನ ರಸ್ತೆಗಳಲ್ಲಿ ‘ಡಿಜೆ’ ಹೊರಡುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ತುಂಬ ಪೇರಿಸಿದ ಬಾಕ್ಸು, ಬಣ್ಣದ ಲೈಟು, ಜನರೇಟರು, ಒಂದು ಲ್ಯಾಪ್‌ಟಾಪು. ಹಾಡು ಬರುವುದು ಪೆನ್‌ಡ್ರೈವ್‌ನಿಂದ. ಡಿಜೆ ಎಂಬ ಮಾತಿನ ‘ಡಿ’ ಅಂದರೆ ಡಿಸ್ಕ್; ನಮ್ಮ ಹಿರಿಯರು ‘ಪ್ಲೇಟು’ ಎನ್ನುತ್ತಿದ್ದ ಕರಿ ತಟ್ಟೆ. ಆ ತಟ್ಟೆಯೂ ಇಲ್ಲಿಲ್ಲ, ಅದನ್ನು ಹಾಡಿಸುವ ಮುಳ್ಳೂ ಇಲ್ಲ.

ಆದರೆ ತಟ್ಟೆಯನ್ನು ಕೈಯಿಂದಲೇ ನುಡಿಸುವ ಡಿಜೆಗಳು ಜಗತ್ತಿನಲ್ಲಿ ಇವತ್ತಿಗೂ ಇದ್ದಾರೆ. ಅವರ ಕಲೆಗೆ ಸ್ಕ್ರ್ಯಾಚಿಂಗ್ ಎಂದು ಹೆಸರು. ಆ ಕಲೆಯ ಬುಡ ಇರುವುದು ಮುಳ್ಳನ್ನು ಹಿಡಿದ ಒಂದು ಪುಟ್ಟ ಭಾಗದಲ್ಲಿ. ಅದೇ ಕಾರ್ಟ್ರಿಜ್. ಅದನ್ನು ಕೂರಿಸುವುದು, ಕಾಪಾಡುವುದು ಒಂದು ಕಸುಬು. ಆ ಕಸುಬಿನ ಶಿಸ್ತು ನಮ್ಮ ಭಾಗಕ್ಕೆ ಹೊಸದೇನಲ್ಲ.

ಮೈಕ್‌ಸೆಟ್ಟಿನವರ ಶಿಸ್ತು

ಲಗ್ನವಿರಲಿ, ಜಾತ್ರೆಯಿರಲಿ, ಮೈಕ್‌ಸೆಟ್ಟಿನವರು ಬಂದು ಬೇವಿನ ಮರಕ್ಕೆ ಹಾರ್ನ್ ಕಟ್ಟಿದ ಮೇಲೆಯೇ ಊರಿಗೆ ಕಳೆ ಬರುತ್ತಿದ್ದ ಕಾಲವೊಂದಿತ್ತು. ಚಪ್ಪರದ ಮೂಲೆಯಲ್ಲಿ ಮೇಜು, ಅದರ ಮೇಲೆ ಆಂಪ್ಲಿಫೈಯರು, ಪಕ್ಕದಲ್ಲಿ ಪ್ಲೇಯರು, ಟ್ರಂಕಿನಲ್ಲಿ ನಿಲ್ಲಿಸಿಟ್ಟ ಪ್ಲೇಟುಗಳು. ಹುಡುಗರು ಮುತ್ತಿಕೊಂಡರೆ ಬರುತ್ತಿದ್ದ ಮೊದಲ ಮಾತು, “ಮುಳ್ಳಿಗೆ ಕೈ ಹಚ್ಚಬ್ಯಾಡ್ರಲೇ!” ಪ್ಲೇಟು ಒಡೆದರೆ ಒಂದು ಹಾಡು ಹೋದೀತು, ಮುಳ್ಳು ಮುರಿದರೆ ಇಡೀ ಲಗ್ನವೇ ಮೌನ.

ಅದಕ್ಕೂ ಹಿಂದೆ ಕೀಲಿ ಕೊಡುವ ಗ್ರಾಮಫೋನು ಇತ್ತು. ಗಂಗೂಬಾಯಿ ಹಾನಗಲ್ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ್ದು, ಅಮೀರಬಾಯಿ ಕರ್ನಾಟಕಿ ಮತ್ತು ಮಲ್ಲಿಕಾರ್ಜುನ ಮನ್ಸೂರರ ದನಿ ಮನೆಮನೆ ತಲುಪಿದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟುಗಳಲ್ಲಿ. ಆ ಯಂತ್ರದ ತಲೆ ಪ್ಲೇಟಿನ ಮೇಲೆ 100 ಗ್ರಾಂಗೂ ಹೆಚ್ಚು ಭಾರ ಹಾಕುತ್ತಿತ್ತು. ಉಕ್ಕಿನ ಮುಳ್ಳು ಒಂದು ಮಗ್ಗುಲು ಹಾಡುವಷ್ಟರಲ್ಲಿ ಸವೆದುಹೋಗುತ್ತಿತ್ತು. ನಾಯಿ ಮುದ್ರೆಯ ಪುಟ್ಟ ಡಬ್ಬಿಯಲ್ಲಿ 200 ಮುಳ್ಳು ಬರುತ್ತಿದ್ದುದು ಅದಕ್ಕೇ. ಒಂದು ಮಗ್ಗುಲಿಗೆ ಒಂದು ಮುಳ್ಳು ಎಂಬ ನೇಮ ಮುರಿದವರ ಮನೆಯ ಪ್ಲೇಟುಗಳು ಬೇಗ ಬೂದಿಬಣ್ಣಕ್ಕೆ ತಿರುಗಿ ಗೊರಗೊರ ಅನ್ನತೊಡಗುತ್ತಿದ್ದವು.

ಆಮೇಲೆ ಬಂದ ಕರೆಂಟಿನ ಪ್ಲೇಯರುಗಳಲ್ಲಿ ಕ್ರಿಸ್ಟಲ್ ಕಾರ್ಟ್ರಿಜ್ ಇರುತ್ತಿತ್ತು. ಅದರೊಳಗಿನ ರೋಷೆಲ್ ಲವಣದ ಹರಳಿಗೆ ಬಿಸಿಲೂ ಆಗದು, ತೇವವೂ ಆಗದು. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಇಟ್ಟರೆ ದನಿ ಸೊರಗುತ್ತಿತ್ತು. ಸುಡು ಬಿಸಿಲಿನಲ್ಲಿ ಮೈಕ್‌ಸೆಟ್ಟಿನ ಮೇಜಿಗೆ ನೆರಳು ಬೇಕೆಂದು ಹಟ ಹಿಡಿಯುತ್ತಿದ್ದವರು ತಮ್ಮ ಸುಖಕ್ಕಾಗಿ ಹಟ ಹಿಡಿದವರಲ್ಲ.

ಹಿಡಿದ ಕೈ ಹಾಡಿದ್ದು

1970ರ ದಶಕದ ನಡುವೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್ ಎಂಬ ಹುಡುಗ ಮನೆಯಲ್ಲಿ ಜೋರಾಗಿ ಪ್ಲೇಟು ಹಾಕಿಕೊಂಡಿದ್ದ. ಸದ್ದು ತಗ್ಗಿಸು ಎಂದು ತಾಯಿ ಬಾಗಿಲಿಗೆ ಬಂದಾಗ ತಿರುಗುವ ಪ್ಲೇಟನ್ನು ಕೈಯಲ್ಲಿ ಹಿಡಿದುಕೊಂಡ. ತಾಯಿ ಮಾತಾಡುತ್ತಿದ್ದಷ್ಟು ಹೊತ್ತೂ ಪ್ಲೇಟು ಕೈಯಡಿ ಹಿಂದೆ ಮುಂದೆ ಸರಿಯಿತು. ‘ಗಿರ್‌ಗಿರ್’ ಎಂಬ ಸದ್ದು ಕಿವಿಗೆ ಬಿತ್ತು. ಅದನ್ನೇ ಅಭ್ಯಾಸ ಮಾಡಿ ತಾಳಕ್ಕೆ ಕೂರಿಸಿದ. ಅದೇ ಸ್ಕ್ರ್ಯಾಚಿಂಗ್. 1983ರಲ್ಲಿ ಜಾಝ್ ಕಲಾವಿದ ಹರ್ಬಿ ಹ್ಯಾನ್‌ಕಾಕ್ ಅವರ ‘ರಾಕಿಟ್’ನಲ್ಲಿ ಈ ಸದ್ದು ಕೇಳಿದ ಮೇಲೆ ಪ್ಲೇಟು ತಿರುಗಿಸುವ ಟರ್ನ್‌ಟೇಬಲ್ ಕೂಡ ಒಂದು ವಾದ್ಯ ಎಂಬುದನ್ನು ಜಗತ್ತು ಒಪ್ಪಿತು.

ಈ ವಾದ್ಯಕ್ಕೆ ಎರಡು ಆಸರೆ. ಒಂದು, ಬೆಲ್ಟಿಲ್ಲದೆ ಮೋಟರೇ ನೇರ ತಿರುಗಿಸುವ ಟರ್ನ್‌ಟೇಬಲ್. ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಬಂದದ್ದು 1972ರಲ್ಲಿ, ಡಿಜೆಗಳು ಆರಾಧಿಸುವ ಎಂಕೆ2 ಮಾದರಿ 1979ರಲ್ಲಿ. ಇನ್ನೊಂದು, ಕೈಯ ಎಳೆದಾಟಕ್ಕೆ ಹಾರಿಬೀಳದ ಕಾರ್ಟ್ರಿಜ್.

ಕಾರ್ಟ್ರಿಜ್‌ನ ಒಳಗೆ

ಪ್ಲೇಟಿನ ಗೀರಿನಲ್ಲಿ ಕೂರುವುದು ವಜ್ರದ ತುದಿ. ಅದು ಸಣ್ಣ ಲೋಹದ ಕಡ್ಡಿಯ ಕೊನೆಗೆ ಅಂಟಿರುತ್ತದೆ. ಕಡ್ಡಿಯ ಇನ್ನೊಂದು ತುದಿಯಲ್ಲಿ ಪುಟ್ಟ ಅಯಸ್ಕಾಂತ, ಅದನ್ನು ಹಿಡಿದಿಡಲು ರಬ್ಬರಿನ ಬಿಲ್ಲೆ. ಗೀರಿನ ಏರುಪೇರಿಗೆ ವಜ್ರ ನಡುಗಿದಂತೆ ಅಯಸ್ಕಾಂತವೂ ನಡುಗಿ, ಪಕ್ಕದ ತಂತಿಸುರುಳಿಗಳಲ್ಲಿ ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ನಾವು ಕೇಳುವ ಹಾಡು ಅದೇ.

ಮನೆಯಲ್ಲಿ ಕೂತು ಕೇಳುವವರು ಮೊಟ್ಟೆಯಾಕಾರದ ತುದಿ ಇಷ್ಟಪಡುತ್ತಾರೆ. ಸ್ಕ್ರ್ಯಾಚ್‌ಗೆ ಗುಂಡು ತುದಿಯೇ ಆಗಬೇಕು, ಯಾಕೆಂದರೆ ಇಲ್ಲಿ ಪ್ಲೇಟು ಹಿಂದಕ್ಕೂ ಓಡುತ್ತದೆ. ಸುಮಾರು 18 ಮೈಕ್ರಾನ್ ತ್ರಿಜ್ಯದ ಗುಂಡು ತುದಿ ಎರಡೂ ದಿಕ್ಕಿಗೆ ಒಂದೇ ಸಮ ಜಾರುತ್ತದೆ. ಕಡ್ಡಿ ದಪ್ಪ, ರಬ್ಬರು ಬಿಗಿ. ಅಮೆರಿಕದ ಶ್ಯೂರ್ ಕಂಪನಿಯ ಎಂ44-7 ಈ ಕೆಲಸಕ್ಕೆ ಹೆಸರಾಗಿತ್ತು, 9.5 ಮಿಲಿವೋಲ್ಟ್ ದನಿ, ಒಂದೂವರೆಯಿಂದ ಮೂರು ಗ್ರಾಂ ಭಾರ. 2018ರಲ್ಲಿ ಶ್ಯೂರ್ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಎಂ44-7ಕ್ಕೆ ಹೊಂದುವ ಮುಳ್ಳನ್ನು ಜಪಾನಿನ ಜಿಕೊ ಕಂಪನಿ ಮಾಡುತ್ತದೆ. ಅದು 1873ರಲ್ಲಿ ಹೊಲಿಗೆ ಸೂಜಿ ಮಾಡುತ್ತ ಶುರುವಾದ ಮನೆತನ. ಡೆನ್ಮಾರ್ಕಿನ ಆರ್ಟೊಫೋನ್‌ನ ಕಾಂಕಾರ್ಡ್ ಸ್ಕ್ರ್ಯಾಚ್ ಮಾದರಿಗೆ ನಾಲ್ಕು ಗ್ರಾಂ ಭಾರ ಬೇಕು.

ಕೂರಿಸುವ ಕ್ರಮ

ಮೊದಲು ಮೇಜು. ಗೌಂಡಿಯ ರಸಮಟ್ಟ ಇಟ್ಟು ನೋಡಿ, ಟರ್ನ್‌ಟೇಬಲ್ ನಾಲ್ಕೂ ಕಡೆ ಮಟ್ಟಸವಾಗಿರಬೇಕು. ಕಾರ್ಟ್ರಿಜ್‌ಗೆ ನಾಲ್ಕು ತಂತಿ: ಬಿಳಿ ಮತ್ತು ನೀಲಿ ಎಡಗಡೆಯ ದನಿಗೆ, ಕೆಂಪು ಮತ್ತು ಹಸಿರು ಬಲಗಡೆಗೆ. ಚಿಮುಟದಿಂದ ಮೆಲ್ಲಗೆ ಸಿಕ್ಕಿಸಬೇಕು. ಬೆಸುಗೆ ಕಡ್ಡಿ ಹತ್ತಿರವೂ ಬರಬಾರದು, ಶಾಖಕ್ಕೆ ಒಳಗಿನ ಸುರುಳಿ ಹೋಗುತ್ತದೆ. ಟೆಕ್ನಿಕ್ಸ್ ತೋಳಿನಲ್ಲಾದರೆ ಕಾರ್ಟ್ರಿಜ್ ಕೂರುವ ಹೆಡ್‌ಶೆಲ್‌ನ ಹಿಂದಿನ ವಾಷರ್‌ನಿಂದ ಮುಳ್ಳಿನ ತುದಿಗೆ 52 ಮಿಲಿಮೀಟರ್ ಅಂತರ ಇಟ್ಟು ಸ್ಕ್ರೂ ಬಿಗಿಯಬೇಕು.

ಆಮೇಲೆ ತೂಕ. ಹಳೆಯ ಕಿರಾಣಿ ಅಂಗಡಿಯ ತಕ್ಕಡಿ ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಆಂಟಿ-ಸ್ಕೇಟಿಂಗ್ ಗುಂಡಿಯನ್ನು ಸೊನ್ನೆಗೆ ತಂದು, ಹಿಂದಿನ ತೂಕದ ಗುಂಡನ್ನು ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ತೋಳು ಮೇಲೂ ಹೋಗದೆ ಕೆಳಗೂ ಬೀಳದೆ ಗಾಳಿಯಲ್ಲಿ ತೇಲುತ್ತದೆ. ಆಗ ಗುಂಡನ್ನು ಅಲುಗಿಸದೆ, ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತಿರುಗಿಸಬೇಕು. ಬಳಿಕ ಎರಡನ್ನೂ ಒಟ್ಟಿಗೆ ತಿರುಗಿಸಿ, ಎಂ44-7 ಆದರೆ ಮೂರಕ್ಕೆ ತರಬೇಕು. ಆಂಟಿ-ಸ್ಕೇಟಿಂಗ್ ಸೊನ್ನೆಯಲ್ಲೇ ಇರಲಿ. ಪ್ಲೇಟು ಎರಡೂ ದಿಕ್ಕಿಗೆ ಓಡುವಾಗ ಒಂದೇ ಕಡೆಗೆ ಎಳೆಯುವ ಬಲದಿಂದ ಉಪಯೋಗವಿಲ್ಲ. ತೋಳು ಪ್ಲೇಟಿಗೆ ಸಮಾನಾಂತರವಾಗಿ ನಿಲ್ಲುವಂತೆ ಎತ್ತರ ಹೊಂದಿಸಿದರೆ ಕೆಲಸ ಮುಗಿಯಿತು.

ಮುಳ್ಳು ಹಾರಿತೆಂದು ಹೊಸಬರು ಕೂಡಲೇ ಭಾರ ಹೆಚ್ಚಿಸುತ್ತಾರೆ. ಕೆಲವರು ತಲೆಯ ಮೇಲೆ ನಾಣ್ಯ ಅಂಟಿಸುವುದೂ ಉಂಟು. ಅದು ಗೀರನ್ನು ಕೊರೆದು ಹಾಳುಮಾಡುತ್ತದೆ. ಮೊದಲು ಮುಳ್ಳಿಗೆ ಧೂಳು ಹತ್ತಿದೆಯೇ ನೋಡಿ, ಪ್ಲೇಟಿನ ಅಡಿಗೆ ಹಾಸಿದ ಬಟ್ಟೆ ಸಲೀಸಾಗಿ ಜಾರುತ್ತದೆಯೇ ನೋಡಿ, ಎತ್ತರ ನೋಡಿ. ಭಾರಕ್ಕೆ ಕೈ ಹಾಕುವುದು ಕೊನೆಗೆ, ಅದೂ ಕಾಲು ಗ್ರಾಂ ಲೆಕ್ಕದಲ್ಲಿ. ಭಾರ ತೀರಾ ಕಡಿಮೆಯಾದರೂ ಕೇಡೇ: ಹಿಡಿತವಿಲ್ಲದ ವಜ್ರ ಗೀರಿನ ಗೋಡೆಗಳಿಗೆ ಬಡಿದಾಡುತ್ತದೆ.

ಭತ್ತದ ಧೂಳಿನ ನಾಡಿನಲ್ಲಿ

ಕೊಯ್ಲಿನ ದಿನಗಳಲ್ಲಿ ಸಿಂಧನೂರು ಸೀಮೆಯ ಗಾಳಿಯಲ್ಲಿ ಹೊಟ್ಟಿನ ಧೂಳು ಸದಾ ಇರುತ್ತದೆ. ಪ್ಲೇಟಿನ ಮೇಲೆ ಬಿದ್ದ ಧೂಳನ್ನು ಮುಳ್ಳು ಉತ್ತುಕೊಂಡು ಹೋಗಿ ತುದಿಗೆ ಉಂಡೆ ಕಟ್ಟಿಕೊಳ್ಳುತ್ತದೆ. ಮೆತ್ತನೆಯ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರಬೇಕು. ಅಡ್ಡ ಸವರಿದರೆ ಕಡ್ಡಿ ಬಾಗುತ್ತದೆ. ಬೆರಳಿನಿಂದ ಮುಟ್ಟಬಾರದು, ಬಾಯಿಯಿಂದ ಊದಬಾರದು. ಎಂಜಲು ಸಿಡಿದು ಅಂಟಾಗುತ್ತದೆ. ಜಿಡ್ಡಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನ ಸಣ್ಣ ಹನಿ ಸಾಕು, ಅದು ರಬ್ಬರಿನವರೆಗೆ ಹೋಗದಿರಲಿ. ಆಗಾಗ ಭೂತಗನ್ನಡಿಯಲ್ಲಿ ನೋಡಬೇಕು. ಗುಂಡು ತುದಿ ಚಪ್ಪಟೆಯಾಗಿದ್ದರೆ ಅದು ಮುಳ್ಳಲ್ಲ, ಉಳಿ.

ಉಳಿ ಎಂದಾಗ ಇಲ್ಲಿಯದೇ ಒಂದು ಕಲ್ಲು ನೆನಪಾಗುತ್ತದೆ. ಪಕ್ಕದ ಮಸ್ಕಿಯಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅಶೋಕ ಎಂಬ ಹೆಸರನ್ನೇ ಹೇಳಿದ, ಮೊದಲು ದೊರೆತ ಶಾಸನ ಅದು. ಆ ಗೀರುಗಳನ್ನು ನಾವು ಕಣ್ಣಿನಿಂದ ಓದುತ್ತೇವೆ, ಎಷ್ಟು ಓದಿದರೂ ಕಲ್ಲು ಸವೆಯದು. ಪ್ಲೇಟಿನ ಗೀರನ್ನು ಮುಟ್ಟಿಯೇ ಓದಬೇಕು. ಓದಿದಷ್ಟೂ ಅದು ಸವೆಯುತ್ತದೆ. ಸ್ಕ್ರ್ಯಾಚ್ ಡಿಜೆ ಒಂದೇ ಅಕ್ಷರವನ್ನು ನೂರು ಸಲ ಓದುವವನು. ಅವನ ಕೈಯಲ್ಲಿ ಮೂರು ಗ್ರಾಂ ಮೂರೂವರೆಯಾದರೆ ನಷ್ಟ ನೂರು ಪಟ್ಟು.

ಈಗ ಹಾಡುಗಳೆಲ್ಲ ಕಂಪ್ಯೂಟರಿನಲ್ಲಿದ್ದರೂ ಸ್ಕ್ರ್ಯಾಚ್ ಕಲಾವಿದರು ಸಂಕೇತದ ಸದ್ದು ತುಂಬಿದ ಪ್ಲೇಟನ್ನು ತಿರುಗಿಸಿ, ಅದೇ ಮುಳ್ಳಿನ ಮೂಲಕ ಕಂಪ್ಯೂಟರಿಗೆ ಕೈಯ ಚಲನೆ ತಿಳಿಸುತ್ತಾರೆ. ಟ್ರೇಲರ್ ಮೇಲೆ ನಿಂತ ನಮ್ಮ ಹುಡುಗರಲ್ಲಿ ಯಾರಾದರೂ ಒಂದು ದಿನ ಪ್ಲೇಟಿಗೆ ಕೈ ಹಚ್ಚಿಯಾರು. ಅವರು ಕಲಿಯಬೇಕಾದ ಮೊದಲ ಪಾಠ ವೇಗದ್ದಲ್ಲ. ಹಾಡು ಮುಗಿದೊಡನೆ ತೋಳನ್ನೆತ್ತಿ, ಆಸರೆಗೆ ಕೂರಿಸಿ, ಕೊಕ್ಕೆ ಹಾಕಿ, ಮುಳ್ಳಿಗೆ ಮುಚ್ಚಳ ತೊಡಿಸುವುದು. ಲಗ್ನ ಮುಗಿದ ರಾತ್ರಿ, ಹಾರ್ನ್ ಬಿಚ್ಚುವುದಕ್ಕೂ ಮೊದಲು, ಮೈಕ್‌ಸೆಟ್ಟಿನವರು ಮಾಡುತ್ತಿದ್ದ ಕೆಲಸ ಅದೇ.