ನಿಮಗಿದು ಗೊತ್ತೇ? ಅಡಿಕೆ ದಬ್ಬೆಯ ಮೇಲೆ ಗೆಲಿಲಿಯೊ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದಲ್ಲಿ ಏನೇನು ಕಲಿಸುತ್ತಿದ್ದರು ಎಂಬುದನ್ನು 1162ರ ಶಾಸನ ಹೇಳುತ್ತದೆ. ವೇದ, ವ್ಯಾಕರಣಗಳ ಜೊತೆ ವೈಶೇಷಿಕ ದರ್ಶನವೂ ಆ ಪಟ್ಟಿಯಲ್ಲಿದೆ. ಪರಮಾಣು, ಚಲನೆ, ವಸ್ತು ಕೆಳಗೆ ಬೀಳಲು ಕಾರಣವಾದ ಗುರುತ್ವ ಇವೆಲ್ಲ ವೈಶೇಷಿಕರು ಚರ್ಚಿಸಿದ ವಿಷಯಗಳೇ!

ಅದೇ ಊರಿನ ಭೇರುಂಡ ಸ್ತಂಭ 1047ರದ್ದು. ಅದರ ಎತ್ತರ ಅಳೆಯಲು ಏಣಿ ಬೇಡ. ಒಂದು ಮೀಟರ್ ಕೋಲಿನ ನೆರಳನ್ನೂ ಕಂಬದ ನೆರಳನ್ನೂ ಒಂದೇ ಹೊತ್ತಿನಲ್ಲಿ ಅಳೆದರೆ ಸಾಕು, ಏಳನೇ ತರಗತಿಯ ಮಗುವೇ ಲೆಕ್ಕ ಹಾಕೀತು.

ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಆ ಕೋಲಿಗೆ ನೆರಳೇ ಇರುವುದಿಲ್ಲ. ಶಿಕಾರಿಪುರ, ಸೊರಬದಲ್ಲಿ ಏಪ್ರಿಲ್ 28 ಮತ್ತು ಆಗಸ್ಟ್ 14ರ ಆಸುಪಾಸು ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಆದರೆ ಮೊದಲನೆಯದು ಬೇಸಿಗೆ ರಜೆಯಲ್ಲಿ, ಎರಡನೆಯದು ಮಳೆಮೋಡದ ನಡುವೆ! ರಜೆಯಾದರೇನು, ಅಂಗಳದಲ್ಲಿ ಕೋಲು ನೆಡಬಹುದಲ್ಲ. ಏಪ್ರಿಲ್‌ನಲ್ಲಿ ಆ ಗಳಿಗೆ ಶಿಕಾರಿಪುರದಲ್ಲಿ ಸುಮಾರು 12 ಗಂಟೆ 26 ನಿಮಿಷಕ್ಕೆ. ಪಶ್ಚಿಮಕ್ಕಿರುವ ಸೊರಬದಲ್ಲಿ ಒಂದು ನಿಮಿಷ ತಡ.

ಈಗ ದಬ್ಬೆಯ ವಿಷಯ. 1638ರಲ್ಲಿ ಅಚ್ಚಾದ ಪುಸ್ತಕದಲ್ಲಿ ಗೆಲಿಲಿಯೊ ತನ್ನ ಉಪಕರಣವನ್ನು ವರ್ಣಿಸಿದ್ದಾನೆ: ಉದ್ದನೆಯ ಮರದ ತೊಲೆ, ಅದರಲ್ಲಿ ಕೊರೆದ ನಯವಾದ ಕಾಲುವೆ, ಅದರೊಳಗೆ ಉರುಳುವ ಕಂಚಿನ ಗುಂಡು. ತಿರುಳು ತೆಗೆದು ಹೆರೆದ ಅಡಿಕೆ ದಬ್ಬೆಯಲ್ಲಿ ಆ ಕಾಲುವೆ ಹುಟ್ಟಿನಿಂದಲೇ ಇದೆ. ಗುಂಡಿನ ಬದಲು ಗೋಲಿ. ಒಂದು ತುದಿಯನ್ನು ತುಸುವೇ ಎತ್ತರಿಸಿ, ಮೇಲಿನಿಂದ 1, 4, 9 ಗೇಣಿಗೆ ಗುರುತು ಹಾಕಿ. ಮೊದಲ ಗುರುತು ತಲುಪಲು ಹಿಡಿದಷ್ಟೇ ಸಮಯ ಅಲ್ಲಿಂದ ಎರಡನೆಯದಕ್ಕೂ, ಎರಡನೆಯದರಿಂದ ಮೂರನೆಯದಕ್ಕೂ! ಚಪ್ಪಾಳೆಯ ತಾಳ ಹಿಡಿದರೆ ಕಿವಿಗೇ ಗೊತ್ತಾಗುತ್ತದೆ. ಗೆಲಿಲಿಯೊ ಬಳಿಯೂ ಸ್ಟಾಪ್‌ವಾಚ್ ಇರಲಿಲ್ಲ. ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಹೊತ್ತು ಅಳೆದ.

ದಾರಕ್ಕೆ ಅಡಿಕೆ ಕಟ್ಟಿ ತೂಗಿಬಿಡಿ. ಕಟ್ಟಿದ ಜಾಗದಿಂದ ಅಡಿಕೆಯ ನಡುವಿನವರೆಗೆ 99 ಸೆಂಟಿಮೀಟರ್ ಇದ್ದರೆ ಹೋಗಿ ಬರಲು ಎರಡು ಸೆಕೆಂಡ್. ಅಡಿಕೆ ಬಿಚ್ಚಿ ಕಲ್ಲು ಕಟ್ಟಿದರೂ ಅಷ್ಟೇ.

ಬಲೂನ್ ಉಜ್ಜಿ ಕಾಗದದ ಚೂರು ಎಳೆಯುವ ಪ್ರಯೋಗ ಜುಲೈನಲ್ಲಿ ಸೋಲುತ್ತದೆ: ಮಲೆನಾಡಿನ ತೇವದ ಗಾಳಿಯಲ್ಲಿ ವಿದ್ಯುದಾವೇಶ ಸೋರಿಹೋಗುತ್ತದೆ. ಸ್ಥಿರವಿದ್ಯುತ್ತಿನ ಪಾಠವನ್ನು ಜನವರಿಗೆ ಇಟ್ಟುಕೊಳ್ಳುವುದು ಜಾಣತನ.

ಶಾಲೆಗಳ ಪ್ರಯೋಗ ಸಾಮಗ್ರಿ ತಯಾರಿಕೆಗೆ ದೇಶದಲ್ಲಿ ಹೆಸರಾದ ಊರು ಹರಿಯಾಣದ ಅಂಬಾಲಾ. ಅಷ್ಟು ದೂರದಿಂದ ಬಂದ ಗ್ಯಾಲ್ವನೋಮೀಟರ್ ಬೀರುವಿನಲ್ಲೇ ಕೂತಿರುವುದನ್ನು ಕಂಡರೆ ಸಂಕಟವಾಗುತ್ತದೆ. ಒಡೆದರೆ ಒಡೆಯಲಿ, ಮಕ್ಕಳ ಕೈಗೆ ಕೊಡಿ. 1999ರಲ್ಲಿ ಶುರುವಾದ ಅಗಸ್ತ್ಯ ಫೌಂಡೇಷನ್ ವ್ಯಾನಿನಲ್ಲಿ, ಬೈಕಿನಲ್ಲಿ ಪ್ರಯೋಗಾಲಯ ಹೊತ್ತು ಹಳ್ಳಿ ಶಾಲೆಗಳಿಗೆ ಹೋಗುವುದು ಮಕ್ಕಳು ಮುಟ್ಟಲಿ ಎಂದೇ.

ಮೃದಂಗದ ನಾದ ಇಂಪಾಗಿರುವುದು ಚರ್ಮದ ನಡುವಿನ ಕಪ್ಪು ಕರಣೆಯಿಂದ ಎಂದು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮ ಡೊಳ್ಳಿಗೆ ಕರಣೆ ಇಲ್ಲ, ಆದರೆ ಪಾಠ ಇದೆ. ಒಂದು ಡೊಳ್ಳಿನ ಮೇಲೆ ಚಿಟಿಕೆ ರವೆ ಉದುರಿಸಿ, ಪಕ್ಕದಲ್ಲಿ ಇನ್ನೊಂದನ್ನು ಬಾರಿಸಿ. ಯಾರೂ ಮುಟ್ಟದ ಡೊಳ್ಳಿನ ಮೇಲೆ ರವೆ ಕುಣಿಯುತ್ತದೆ!