ಯಾವ ಟ್ರಕ್ ಅಂತ ಕೇಳೋ ಮೊದಲು, ಬಾಗಿಲ ಸ್ಟಿಕ್ಕರ್ ಓದಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ತಿಂಗಳು ನನಗೊಂದು ಫೋನ್ ಬಂತು. ಹಾಸನದ ಕಡೆಯ ಹುಡುಗ, ನನ್ನ ಹಾಗೆ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರಾನೇ ಇದಾನೆ. ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಾಚೆ ಸ್ವಲ್ಪ ಜಮೀನು ಗುತ್ತಿಗೆ ಹಿಡಿದು ಕರಿಬೇವು, ನುಗ್ಗೆ, ಬದನೆ ಬೆಳೀತಾನೆ. ವಾರಕ್ಕೆರಡು ಸಲ ಟ್ರೇಲರ್ ಎಳ್ಕೊಂಡು ಇಂಡಿಯನ್ ಅಂಗಡಿಗಳಿಗೆ ಹಾಕ್ಬೇಕು. "ಅಣ್ಣ, ಕೈಯಲ್ಲಿ 30 ಸಾವಿರ ಡಾಲರ್ ಇದೆ, ಅಷ್ಟೇ ಇರೋದು. ಕೆಟ್ಟು ನಿಲ್ಲದಿರೋ ಪೆಟ್ರೋಲ್ ಟ್ರಕ್ ಒಂದು ಹೇಳು" ಅಂದ. ಟ್ರಕ್ ಎರಡು ವಾರ ಗ್ಯಾರೇಜಲ್ಲಿ ಕೂತರೆ ಅವನ ಸೊಪ್ಪು ಹೊಲದಲ್ಲೇ ಬಾಡುತ್ತೆ. ಹಾಗಾಗಿ ಬಾಯಿಗೆ ಬಂದ ಹೆಸರು ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ.

ಊರಲ್ಲಿ ಕೂತು ಕೇಳ್ತಿರೋರಿಗೆ ಮೊದಲು ಒಂದು ಅಂದಾಜು. ನಮ್ಮಲ್ಲಿ ಟೊಯೋಟಾ ಹೈಲಕ್ಸ್ ನೋಡಿ 'ಅಬ್ಬಾ ಎಷ್ಟು ದೊಡ್ಡದು' ಅಂತೀವಲ್ಲ, ಅದು ಸುಮಾರು 5.3 ಮೀಟರ್ ಉದ್ದ. ಇಲ್ಲಿ ಫುಲ್ ಸೈಜ್ ಅಂತ ಕರೆಯೋ ನಾಲ್ಕು ಬಾಗಿಲಿನ ಫೋರ್ಡ್ ಎಫ್-150 ಸುಮಾರು 5.9 ಮೀಟರ್, ಅಗಲ ಕನ್ನಡಿ ಬಿಟ್ಟೇ 2 ಮೀಟರ್ ದಾಟುತ್ತೆ. ಇವಕ್ಕೆ ಹಾಕೋ ಪೆಟ್ರೋಲ್‌ಗೆ ಇವರು 'ಗ್ಯಾಸ್' ಅಂತಾರೆ. ಬಂದ ಹೊಸತರಲ್ಲಿ ನಾನು ಸಿಲಿಂಡರ್ ಅಂದ್ಕೊಂಡಿದ್ದೆ, ನಗಬೇಡಿ.

ಡೀಸೆಲ್ ಯಾಕೆ ಬೇಡ? ಅವನದು ಚಿಕ್ಕ ಚಿಕ್ಕ ಓಡಾಟ. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಎಂಜಿನ್ ಚೆನ್ನಾಗಿ ಕಾದು ದೂರ ಓಡಿದ್ರೆ ಮಾತ್ರ ಅದು ತನ್ನನ್ನ ತಾನು ಸುಟ್ಟು ಶುಚಿ ಮಾಡ್ಕೊಳ್ಳುತ್ತೆ. ಇಲ್ಲಾಂದ್ರೆ ಕಟ್ಕೊಳ್ಳುತ್ತೆ, ರಿಪೇರಿ ದುಬಾರಿ. ಆ ಮಾತು ಅಲ್ಲಿಗೇ ಮುಗೀತು.

ನಾನು ಅವನಿಗೆ ಮೊದಲು ಹೇಳಿದ್ದು ಎಂಜಿನ್ ವಿಷಯಾನೇ ಅಲ್ಲ. "ಡ್ರೈವರ್ ಬಾಗಿಲು ತೆಗಿ, ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಅದರ ಫೋಟೋ ಕಳ್ಸು" ಅಂದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ ಅದರಲ್ಲಿ ಬರೆದಿರುತ್ತೆ. ಅದೇ ಪೇಲೋಡ್. ಜಾಹೀರಾತಲ್ಲಿ '11,000 ಪೌಂಡ್ ಎಳೆಯುತ್ತೆ' ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರೆ, ಆದರೆ ನಿಜವಾದ ಮಿತಿ ಬರೋದು ಈ ಸ್ಟಿಕ್ಕರಿಂದ.

ಲೆಕ್ಕ ನೋಡಿ. ಅವನ ಟ್ರೇಲರ್ ಲೋಡ್ ಸೇರಿ 6,000 ಪೌಂಡ್. ಟ್ರೇಲರ್ ಅಲ್ಲಾಡದೆ ಬರಬೇಕಾದರೆ ಅದರ ತೂಕದ 10ರಿಂದ 15 ಪರ್ಸೆಂಟ್ ಟ್ರಕ್ಕಿನ ಹಿಂದಿನ ಕೊಂಡಿ ಮೇಲೆ ಕೂರಬೇಕು. ಅಂದ್ರೆ 600ರಿಂದ 900 ಪೌಂಡ್. ಅವನು, ಜೊತೆಗೊಬ್ಬ ಸಹಾಯಕ, ಇಬ್ಬರೂ ಸೇರಿ 350. ಹಿಂದೆ ಕ್ರೇಟು, ಉಪಕರಣ 200. ಸ್ಟಿಕ್ಕರ್‌ನಲ್ಲಿ 1,500 ಅಂತ ಇದ್ರೆ ಉಳಿಯೋದು ಬರೀ 50 ಪೌಂಡ್. ಒಂದು ನೀರಿನ ಡ್ರಮ್ ಏರಿಸಿದ್ರೆ ಮಿತಿ ದಾಟಿತು. ದಿನಾ ಮಿತಿ ಮೀರಿ ಎಳೆಸಿದ್ರೆ ಯಾವ ಕಂಪನಿ ಗೇರ್‌ಬಾಕ್ಸ್ ತಾನೇ ತಡೆಯುತ್ತೆ? ನೋಡೋಕೆ ಒಂದೇ ಥರ ಇರೋ ಎರಡು ಟ್ರಕ್‌ಗಳಲ್ಲೂ ಈ ಅಂಕಿ ಬೇರೆ ಇರುತ್ತೆ. ಸನ್‌ರೂಫ್, ಫೋರ್ ವೀಲ್ ಡ್ರೈವ್, ದೊಡ್ಡ ಕ್ಯಾಬಿನ್, ಎಲ್ಲವೂ ಪೇಲೋಡನ್ನೇ ತಿನ್ನೋದು. ಅದಕ್ಕೇ ನಾನು ಅವನಿಗೆ ಕೊಟ್ಟ ಗುರಿ ಕನಿಷ್ಠ 1,800.

ಈಗ ಎಂಜಿನ್. ಮಾರುಕಟ್ಟೇಲಿ ಮುಖ್ಯವಾಗಿ ನಾಲ್ಕು ಗುಂಪು: ಫೋರ್ಡ್, ಜನರಲ್ ಮೋಟರ್ಸ್ (ಶೆವರ್ಲೆ ಸಿಲ್ವರಾಡೊ, ಜಿಎಂಸಿ ಸಿಯೆರಾ), ರ‍್ಯಾಮ್, ಟೊಯೋಟಾ. ನಿಸಾನ್ ಟೈಟನ್ 2024ರ ಮಾಡೆಲ್‌ಗೆ ನಿಂತುಹೋಯ್ತು.

'ಟೊಯೋಟಾ ತಗೊಂಡು ಕಣ್ಮುಚ್ಚಿ ಓಡ್ಸು' ಅನ್ನೋದು ನಮ್ಮವರ ಜಪ. ಅರ್ಧ ನಿಜ. 2007ರಿಂದ 2021ರವರೆಗೆ ಟುಂಡ್ರಾದಲ್ಲಿ ಬಂದ 5.7 ಲೀಟರ್ ವಿ8 ಎಂಜಿನ್‌ಗೆ ಒಳ್ಳೆ ಹೆಸರಿದೆ. ಲೂಯಿಸಿಯಾನಾದ ಒಬ್ಬರು 2007ರ ಟುಂಡ್ರಾದಲ್ಲಿ ಹತ್ತು ಲಕ್ಷ ಮೈಲಿ ಓಡಿಸಿದಾಗ, 2016ರಲ್ಲಿ ಕಂಪನಿಯೇ ಆ ಗಾಡಿ ವಾಪಸ್ ತಗೊಂಡು ಹೊಸದು ಕೊಟ್ಟಿತು. ಆದರೆ 2022ರಲ್ಲಿ ಆ ವಿ8 ಹೋಗಿ ಎರಡು ಟರ್ಬೊ ಇರೋ 3.5 ಲೀಟರ್ ವಿ6 ಬಂತು. 2024ರ ಮೇ ತಿಂಗಳಲ್ಲಿ ಸುಮಾರು 1,02,000 ಗಾಡಿಗಳ ರೀಕಾಲ್ ಆಯ್ತು. ಎಂಜಿನ್ ತಯಾರಿಸುವಾಗ ಉಳಿದ ಲೋಹದ ಚೂರುಗಳು ಬೇರಿಂಗ್ ಹಾಳು ಮಾಡ್ತಿದ್ವು. ಪರಿಹಾರ ಅಂದ್ರೆ ಎಂಜಿನ್ನೇ ಬದಲಿ. ಹೆಸರು ಒಂದೇ ಟುಂಡ್ರಾ, ಒಳಗಿರೋದು ಬೇರೇನೇ.

ಜಿಎಂ ಕಥೆಯೂ ಹಾಗೇ. 2025ರ ಏಪ್ರಿಲ್‌ನಲ್ಲಿ 6.2 ಲೀಟರ್ ವಿ8 ಇರೋ, 2021ರಿಂದ 2024ರವರೆಗಿನ ಸುಮಾರು 6 ಲಕ್ಷ ಗಾಡಿಗಳನ್ನ ಅಮೆರಿಕದಲ್ಲಿ ವಾಪಸ್ ಕರೆದ್ರು. ಕನೆಕ್ಟಿಂಗ್ ರಾಡ್, ಕ್ರ್ಯಾಂಕ್‌ಶಾಫ್ಟ್ ದೋಷ. ತಪಾಸಣೆಯಲ್ಲಿ ಪಾಸಾದವಕ್ಕೆ ತೆಳು ಎಣ್ಣೆ ಬದಲು ಗಟ್ಟಿ ಎಣ್ಣೆ, 0ಡಬ್ಲ್ಯು-40, ಹಾಕಿ ಕಳಿಸಿದ್ರು. 5.3 ಲೀಟರ್ ಎಂಜಿನ್ ಆ ರೀಕಾಲ್‌ನಲ್ಲಿ ಇಲ್ಲ. ಆದರೆ ಅದರಲ್ಲಿ ಪೆಟ್ರೋಲ್ ಉಳಿಸೋಕೆ ಕೆಲವು ಸಿಲಿಂಡರ್‌ಗಳನ್ನ ಮಲಗಿಸೋ ವ್ಯವಸ್ಥೆ ಇದೆ, ಅದರ ಲಿಫ್ಟರ್‌ಗಳು ಕೈಕೊಡೋದು ಹಳೇ ದೂರು. ರ‍್ಯಾಮ್‌ನ 5.7 ಹೆಮಿಯಲ್ಲೂ ಇಂಥದೇ ವ್ಯವಸ್ಥೆ, ಲಿಫ್ಟರ್ ದೂರು ಅಲ್ಲೂ ಇದೆ. ಆ ಹೆಮಿಯನ್ನ 2025ರ ರ‍್ಯಾಮ್ 1500ನಿಂದ ತೆಗೆದ್ರು, ಜನ ಗಲಾಟೆ ಮಾಡಿದ್ಮೇಲೆ 2026ಕ್ಕೆ ಮತ್ತೆ ತಂದ್ರು.

ಫೋರ್ಡ್‌ನಲ್ಲಿ ನನ್ನ ಒಲವು ಟರ್ಬೊ ಇಲ್ಲದ 5.0 ವಿ8 ಕಡೆ. 3.5 ಇಕೋಬೂಸ್ಟ್ ಎಳೆಯೋದರಲ್ಲಿ ಹುಲಿ, ಸುಳ್ಳಲ್ಲ. ಆದರೆ 2017ರ ನಂತರದ ಕೆಲವು ವರ್ಷದವಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗರಗರ ಅನ್ನೋ ಕ್ಯಾಮ್ ಫೇಸರ್ ಸಮಸ್ಯೆ ಬಂತು. 5.0 ಏನೂ ದೇವರಲ್ಲ. 2018ರಿಂದ 2020ರ ಗಾಡಿಗಳು ಎಣ್ಣೆ ಕುಡೀತವೆ ಅಂತ ದೂರು ಬಂದಾಗ ಕಂಪನಿ ಸಾಫ್ಟ್‌ವೇರ್ ಬದಲಾಯಿಸಿ ಜೊತೆಗೆ ಹೊಸ ಡಿಪ್‌ಸ್ಟಿಕ್ ಕೊಟ್ಟಿತು! ಅಳತೆ ಕಡ್ಡಿ ಬದಲಾದ್ರೆ ಎಣ್ಣೆ ಹೆಚ್ಚಾಗುತ್ತಾ ಅಂತ ಜನ ಆಡ್ಕೊಂಡ್ರು. 10 ಗೇರಿನ ಗೇರ್‌ಬಾಕ್ಸ್ ಜಗ್ಗಿ ಜಗ್ಗಿ ಬದಲಾಗುತ್ತೆ ಅನ್ನೋ ದೂರೂ ಇದೆ. ಅದಕ್ಕೆ ಟೆಸ್ಟ್ ಡ್ರೈವ್ ಮಾಡುವಾಗ ಟ್ರಾಫಿಕ್ ಒಳಗೆ ನಿಧಾನವಾಗಿ ಓಡಿಸಿ ನೋಡಬೇಕು. ಹೈವೇಲಿ ಮಾತ್ರ ಓಡಿಸಿದ್ರೆ ಏನೂ ಗೊತ್ತಾಗಲ್ಲ.

ಇನ್ನೂ ಭಾರ ಎಳೆಯೋರಾಗಿದ್ರೆ ನಾನು ಹೆವಿ ಡ್ಯೂಟಿ ಕಡೆ ತೋರಿಸ್ತಿದ್ದೆ. 2020ರಿಂದ ಬಂದ ಫೋರ್ಡ್‌ನ 7.3, ಜಿಎಂನ 6.6 ಪೆಟ್ರೋಲ್ ಎಂಜಿನ್‌ಗಳು ಕಬ್ಬಿಣದ ಬ್ಲಾಕಿನ, ಟರ್ಬೊ ಇಲ್ಲದ, ಹಳೇ ಕಾಲದ ಸರಳ ವಿನ್ಯಾಸದವು. ಕುಡಿಯೋದು ಜಾಸ್ತಿ. ನಮ್ಮ ಹುಡುಗನ ಬಜೆಟ್‌ಗೆ ಎಟುಕಲಿಲ್ಲ.

ಇಷ್ಟೆಲ್ಲಾ ಹೇಳೋ ನಾನೇ ಒಮ್ಮೆ ಸರಿಯಾಗಿ ಏಟು ತಿಂದಿದೀನಿ. ಐದು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಟ್ರಕ್ ನೋಡೋಕೆ ಹೋದಾಗ ಮಾರೋರು ಎಂಜಿನ್ ಚಾಲೂ ಇಟ್ಕೊಂಡೇ ಕಾಯ್ತಿದ್ರು. 'ಎಷ್ಟು ಒಳ್ಳೆಯವರು, ಎಸಿ ಹಾಕಿಟ್ಟಿದ್ದಾರೆ' ಅಂದ್ಕೊಂಡೆ. ಮಾರನೇ ದಿನ ಬೆಳಿಗ್ಗೆ ನಮ್ಮನೆ ಮುಂದೆ ಸ್ಟಾರ್ಟ್ ಮಾಡಿದ್ರೆ ಟಕ ಟಕ ಟಕ. ಕಾದ ಮೇಲೆ ಸದ್ದು ನಿಲ್ತಿತ್ತು. ಮೂರು ತಿಂಗಳಾದ್ಮೇಲೆ ಸದ್ದು ನಿಲ್ಲಲೇ ಇಲ್ಲ. ಬಿಲ್ಲು 4,800 ಡಾಲರ್. ಹೆಂಡತಿ ಆ ವರ್ಷ ಊರಿಗೆ ಹೋಗೋ ಟಿಕೆಟ್ ದುಡ್ಡು ಅದು. ಕಂಪನಿ ಹೆಸರು ಬೇಡ, ತಪ್ಪು ನೋಡದೆ ತಗೊಂಡ ನಂದೇ.

ಆವತ್ತಿಂದ ತಣ್ಣಗಿರೋ ಎಂಜಿನ್ನನ್ನ ನಾನೇ ಸ್ಟಾರ್ಟ್ ಮಾಡದೆ ಮಾತುಕತೆಗೇ ಕೂರಲ್ಲ. ಮೊದಲು ಬಾನೆಟ್ ಮೇಲೆ ಕೈ ಇಡ್ತೀನಿ. ಎಣ್ಣೆ ಬದಲಿಸಿದ ರಸೀದಿ ಕೇಳ್ತೀನಿ. 10,000 ಮೈಲಿಗೊಮ್ಮೆ ಸಾಕು ಅಂತ ಪುಸ್ತಕ ಹೇಳಿದ್ರೂ, ಟ್ರೇಲರ್ ಎಳೆಯೋ ಗಾಡಿಗೆ 5,000ಕ್ಕೆ ಬದಲಿಸಿರೋರನ್ನೇ ನಂಬ್ತೀನಿ. 17 ಅಕ್ಷರದ ವಿನ್ ನಂಬರನ್ನ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯ ಸೈಟ್‌ನಲ್ಲಿ ಹಾಕಿದ್ರೆ ಬಾಕಿ ಇರೋ ರೀಕಾಲ್ ಪುಕ್ಕಟೆ ತೋರಿಸುತ್ತೆ, ಫೋನಲ್ಲೇ ಅರ್ಧ ನಿಮಿಷದ ಕೆಲಸ. ಮಿಷಿಗನ್, ಒಹಾಯೊ ಕಡೆಯಿಂದ ಬಂದ ಗಾಡಿಯಾದ್ರೆ ಕೆಳಗೆ ಮಲಗಿ ಚಾಸಿ ನೋಡಲೇಬೇಕು. ಚಳಿಗಾಲದಲ್ಲಿ ಅಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಮೇಲೆ ಬಣ್ಣ ಫಳಫಳ, ಕೆಳಗೆ ತುಕ್ಕು. ಕೊನೆಗೆ ಮಾರೋರಿಗೆ ಪರಿಚಯ ಇಲ್ಲದ ಮೆಕ್ಯಾನಿಕ್ ಹತ್ರ ಲಿಫ್ಟ್ ಮೇಲೆ ಏರಿಸಿ ತೋರಿಸೋದು. ನಾನು ಹೋದ ಸಲ ಕೊಟ್ಟಿದ್ದು 180 ಡಾಲರ್.

ನಮ್ಮ ಹುಡುಗ ಹನ್ನೊಂದು ಸ್ಟಿಕ್ಕರ್ ಫೋಟೋ ಕಳ್ಸಿದ. ಒಂದು ಹಳೇ 5.7 ಟುಂಡ್ರಾ ಅವನ ಮನಸ್ಸಲ್ಲಿತ್ತು, ನನಗೂ ಇಷ್ಟ. ಆದರೆ ಸ್ಟಿಕ್ಕರ್ 1,430 ಅಂತು. ಮೇಲಿಂದ ಗ್ಯಾಲನ್‌ಗೆ 15 ಮೈಲಿ ಆಸುಪಾಸು, ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಆರೂವರೆ ಕಿಲೋಮೀಟರೂ ಇಲ್ಲ. ಉಳಿದಿದ್ದು 2021ರ ಎಫ್-150, 5.0 ಎಂಜಿನ್, ಸನ್‌ರೂಫ್ ಇಲ್ಲ, ಬಟ್ಟೆ ಸೀಟು, ಸ್ಟಿಕ್ಕರ್ 1,910. ನೋಡೋಕೆ ಸಪ್ಪೆ ಬಿಳಿ ಗಾಡಿ. "ಅಣ್ಣ, ಮುನಿಸಿಪಾಲ್ಟಿ ಗಾಡಿ ಥರ ಇದೆ" ಅಂತ ಮುಖ ಸಣ್ಣ ಮಾಡ್ದ. ಇರ್ಲಿ ಬಿಡು ಅಂದೆ.

ಈ ಶನಿವಾರ ಬೆಳಿಗ್ಗೆ ಏಳಕ್ಕೆ ಇಬ್ಬರೂ ನೋಡೋಕೆ ಹೋಗ್ತಿದೀವಿ. ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಮಾರೋರಿಗೆ ಅವನು ಈಗಾಗ್ಲೇ ಎರಡು ಸಲ ಮೆಸೇಜ್ ಹಾಕಿದಾನೆ.