ಎಳೆಯರ ಕತ್ತಿನ ಮುರಿತವೂ ಶಸ್ತ್ರಕ್ರಿಯೆಯೂ

ಮರದಿಂದ ಬಿದ್ದ ಬಾಲಕನು ಕತ್ತು ನೋಯುತ್ತದೆಂದರೆ ಎಣ್ಣೆ ತಿಕ್ಕಿ, ಕತ್ತನ್ನು ತಿರುವಿ ನೋಡುವ ಪದ್ಧತಿಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಇದಕ್ಕಿಂತ ಅಪಾಯಕರವಾದ ಉಪಚಾರವನ್ನು ನಾವು ಕಾಣೆವು.

ತಲೆಬುರುಡೆಯ ಕೆಳಗಿನ ಮೊದಲನೆಯ ಮಣಿಯು ಉಂಗುರದಂತಿದೆ. ಎರಡನೆಯ ಮಣಿಯಿಂದ ಹಲ್ಲಿನಾಕಾರದ ಮೊಳೆಯೊಂದು ಎದ್ದು ಆ ಉಂಗುರದೊಳಗೆ ನಿಂತಿದೆ. ಹಿಂದೆಯೇ ಬೆನ್ನುಹುರಿ. ನಾವು ತಲೆಯನ್ನು ಎಡಬಲಕ್ಕೆ ಹೊರಳಿಸುವುದರಲ್ಲಿ ಸುಮಾರು ಅರ್ಧವು ಈ ಒಂದೇ ಕೀಲಿನ ಕೆಲಸವು. ಸುಮಾರು 6-7 ವರ್ಷಗಳ ತನಕ ಮೊಳೆಯು ತನ್ನ ಬುಡಕ್ಕೆ ಮೆದು ಎಲುಬಿನಿಂದ ಮಾತ್ರ ಅಂಟಿರುತ್ತದೆ. ಶಿಶುವಿನ ತಲೆಯಾದರೋ ಮೈಗೆ ಮೀರಿದ ಭಾರ. ಆದಕಾರಣ ಎಳೆಯರಲ್ಲಿ ಪೆಟ್ಟು ಬಹುಮಟ್ಟಿಗೆ ಕತ್ತಿನ ಮೇಲ್ಭಾಗಕ್ಕೇ ತಗಲುವುದು.

ಈ ಮಣಿಗಳನ್ನು 1910ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಆಸ್ಗುಡ್ ಎಂಬವರು ರೇಷ್ಮೆದಾರದಿಂದ ಬಿಗಿದರು. 1939ರಲ್ಲಿ ಕೆನಡಾದ ಗ್ಯಾಲಿಯವರು ತಂತಿಯ ಕ್ರಮವನ್ನು ಪ್ರಕಟಿಸಿದರು. ಮುಂಬಯಿಯ ಡಾಕ್ಟರ್ ಅತುಲ್ ಗೋಯಲರು 1994ರಲ್ಲಿ ತಗಡು ಮತ್ತು ತಿರುಪುಗಳ ಕ್ರಮವನ್ನು ಲೋಕದ ಮುಂದಿಟ್ಟರು. 2001ರಲ್ಲಿ ಜರ್ಮನಿಯ ಹಾರ್ಮ್ಸರು ಅದನ್ನು ಮಾರ್ಪಡಿಸಿದರು. ಗೋಯಲ್-ಹಾರ್ಮ್ಸ್ ಎಂಬ ಜೋಡಿ ಹೆಸರಿನಲ್ಲಿ ನಮ್ಮವರದು ಮುಂದಾಗಿರುವುದನ್ನು ಹೇಳಲು ನಮಗೆ ಸಂಕೋಚವಿಲ್ಲ.

ಆದರೆ ಬಿಗಿದ ಕೀಲು ತಿರುಗದು. ಬೆಳೆಯುವ ಮಗುವಿಗೆ ಈ ನಷ್ಟವು ಬಾಳಿನುದ್ದಕ್ಕೂ ಉಳಿಯತಕ್ಕದ್ದು. ತಿರುಪು ಸಾಗುವ ದಾರಿಯ ಪಕ್ಕದಲ್ಲಿಯೇ ಮಿದುಳಿಗೆ ರಕ್ತವೊಯ್ಯುವ ನಾಳವೂ ಇದೆ. ಆದುದರಿಂದ ಬಲ್ಲ ವೈದ್ಯರು ಚಿಕ್ಕ ಮಕ್ಕಳಲ್ಲಿ ಜರುಗಿದ ಮೊಳೆಯನ್ನು ಸರಿಪಡಿಸಿ, ತಲೆಗೆ ಹೇಲೋ ಎಂಬ ಬಳೆಯನ್ನು ತೊಡಿಸಿ, ಎದೆಯ ಕವಚಕ್ಕೆ ಜೋಡಿಸಿ, ಎರಡು ಮೂರು ತಿಂಗಳು ಕಾಯುತ್ತಾರೆ. ಪೋಲಿಯೋದಿಂದ ಕತ್ತಿನ ಬಲಗುಂದಿದವರಿಗಾಗಿ ಅಮೆರಿಕದ ಪೆರ್ರಿ ಮತ್ತು ನಿಕೆಲ್ ಎಂಬವರು 1959ರಲ್ಲಿ ಪ್ರಕಟಿಸಿದ ಸಾಧನವಿದು. ಹೆಚ್ಚಿನ ಮಕ್ಕಳಲ್ಲಿ ಎಲುಬು ಹೀಗೆಯೇ ಕೂಡಿಕೊಳ್ಳುತ್ತದೆ. ಕೂಡದಿದ್ದರೆ, ಮೊಳೆಯು ಸ್ಥಾನಕ್ಕೆ ಬಾರದಿದ್ದರೆ, ಕಟ್ಟುನಾರು ಹರಿದಿದ್ದರೆ ಶಸ್ತ್ರವು ಅವಶ್ಯ. ಆಗ ತಡಮಾಡುವುದೂ ತಪ್ಪೇ. ಪ್ರಾಯಕ್ಕೆ ಬಂದ ತರುಣನ ಹೊಸ ಮುರಿತವು ತಕ್ಕ ರೀತಿಯದಾಗಿದ್ದರೆ, ಮುಂಭಾಗದಿಂದ ಮೊಳೆಗೇ ತಿರುಪನ್ನು ಕೂಡಿಸಿ ಕೀಲಿನ ಚಲನೆಯನ್ನು ಉಳಿಸಬಹುದು. ಬೇಗ ಮನೆಗೆ ಕಳುಹಿಸಬಹುದೆಂಬುದೊಂದೇ ಕಾರಣದಿಂದ ಕೀಲನ್ನು ಬಿಗಿಯುವುದನ್ನು ನಾವು ಒಪ್ಪಲಾರೆವು.

ಶಸ್ತ್ರವೈದ್ಯರ ಕೈಸೇರುವ ಮುನ್ನವೇ ಕೆಡುಕಾಗದಂತೆ ನೋಡುವುದು ದಾರಿಹೋಕರ ಕೈಯಲ್ಲಿದೆ. ಕತ್ತನ್ನು ಅಲುಗಿಸದೆ, ತಲೆ ಮೈಗಳನ್ನು ಒಂದೇ ನೇರದಲ್ಲಿಟ್ಟು ಎತ್ತಬೇಕು. ಸಮನಾದ ಹಲಗೆಯ ಮೇಲೆ ಮಲಗಿಸಿದರೆ ಚಿಕ್ಕ ಮಗುವಿನ ದೊಡ್ಡ ತಲೆಯು ಮುಂದಕ್ಕೆ ಬಾಗುವುದರಿಂದ, ಭುಜ ಬೆನ್ನುಗಳ ಕೆಳಗೆ ಮಡಿಸಿದ ಕಂಬಳಿಯನ್ನಿಡತಕ್ಕದ್ದು. ಪೊಲೀಸರ ಗೊಡವೆಗೆ ಅಂಜಿ ರಸ್ತೆಯಲ್ಲಿ ಹಿಂಜರಿಯುವವರು 2019ರ ಮೋಟಾರು ವಾಹನ ತಿದ್ದುಪಡಿ ಶಾಸನದಲ್ಲಿ ಸದ್ಭಾವದಿಂದ ನೆರವಾದವರಿಗೆ ರಕ್ಷಣೆಯಿರುವುದನ್ನು ತಿಳಿದಿರಲಿ.